ಕಿವಿಯಲ್ಲಿ ಎಣ್ಣೆ ಇರಬಹುದು

ಕಿವಿ ಕೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಿವಿ ಉತ್ತರ ಕೊಡುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಚೆನ್ನಾಗಿರುವ ಕಿವಿಯೊಳಕ್ಕೆ ‘ಟಿಕ್’ ಎಂದು ಒಂದು ಸಣ್ಣ ಸದ್ದು ಕಳಿಸಿದರೆ, ಕಣ್ಣು ಮಿಟುಕಿಸುವುದರೊಳಗೆ ಒಳಗಿನಿಂದ ಇನ್ನೊಂದು ಸದ್ದು ಹೊರಗೆ ಬರುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಳಿಗೆ ಇದೆ. ಅದರೊಳಗೆ ಸಾಲುಗಟ್ಟಿ ನಿಂತ ರೋಮಕೋಶಗಳು ಸದ್ದು ಬಂದಾಗ ಸುಮ್ಮನಿರುವುದಿಲ್ಲ, ತಾವೂ ಅಲುಗಾಡುತ್ತವೆ. ಆ ಅಲುಗಾಟದ ಸದ್ದೇ ಕಿವಿಯ ಉತ್ತರ. ಅದು ನಮಗೆ ಕೇಳಿಸದಷ್ಟು ಸಣ್ಣದು, ಆದರೆ ಯಂತ್ರಕ್ಕೆ ಕೇಳಿಸುತ್ತದೆ. ಹುಟ್ಟಿದ ಮರುದಿನದ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ಆಸ್ಪತ್ರೆಯಲ್ಲಿ ತಿಳಿಯುವುದು ಹೀಗೆ. ಕೂಸು ತನ್ನ ಪಾಡಿಗೆ ಮಲಗಿರುತ್ತದೆ, ಕಿವಿ ಉತ್ತರಿಸುತ್ತದೆ.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಎಂಟು ವರ್ಷ ಈ ಕೆಲಸ ಮಾಡಿದೆ. ಕಲಿಸಿದವರು ಡಾಕ್ಟರ್ ಉತ್ಪಲಾ ಮೇಡಂ. ನನ್ನ ಮಗಳು ಸುರಗಿ ಹುಟ್ಟಿದ ಮರುದಿನ ಅವಳ ಕಿವಿ ಪರೀಕ್ಷಿಸಿದವರೂ ಅವರೇ. “ಉತ್ತರ ಕೊಟ್ಲು ಕಣೇ ವಸು! ಎಷ್ಟು ಜೋರಾಗಿ ಕೊಟ್ಲು ನೋಡು,” ಎಂದು ಯಂತ್ರದ ಪರದೆಯನ್ನು ನನ್ನ ಹಾಸಿಗೆಯ ಕಡೆ ತಿರುಗಿಸಿದ್ದರು. ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಸೋದರತ್ತೆಯ ಜಾಗದಲ್ಲಿ ಮೇಡಂ ಕೂತರು. ಸುರಗಿಗೆ ಅವರು ಅಂದಿನಿಂದ ಉತ್ಪಲತ್ತೆ.

ಒಬ್ಬರ ಕಿವಿಯ ಉತ್ತರ ಇನ್ನೊಬ್ಬರದರಂತೆ ಇರುವುದಿಲ್ಲ. ಬೆರಳಿನ ಗುರುತಿನ ಹಾಗೆ ಅದೂ ಅವರವರದೇ. “ಹಾಗಾದ್ರೆ ಅದನ್ನೇ ಬೀಗದ ಕೈ ಮಾಡ್ಕೊಂಡ್ರೆ?” ಎಂದು ಮೇಡಂ ಒಂದು ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿ ಕಲಕುತ್ತಾ ಕೇಳಿದರು. ಕಿನ್ನರ ಹುಟ್ಟಿದ್ದು ಆ ಒಂದು ಮಾತಿನಿಂದ.

ಕಿನ್ನರ ಎಂದರೆ ಹುಣಿಸೆಬೀಜದಷ್ಟು ದೊಡ್ಡ ಹಾಡಿನ ಪೆಟ್ಟಿಗೆ. ಜೋಡಿಯಾಗಿ ಬರುತ್ತದೆ, ಕಿವಿಗೊಂದು. ಕೊಂಡ ಹಾಡು, ನಾವೇ ಮುದ್ರಿಸಿಕೊಂಡ ದನಿ ಎಲ್ಲ ಅದರೊಳಗೇ. ಅದು ನಾಲ್ಕು ಸೆಕೆಂಡಿಗೊಮ್ಮೆ ಹಾಡಿನ ನಡುವೆ ಒಂದು ‘ಟಿಕ್’ ಸೇರಿಸಿ ಕಿವಿಯನ್ನು ತಟ್ಟುತ್ತದೆ. ಬಂದ ಉತ್ತರ ಮಾಲೀಕರದಾದರೆ ಹಾಡು ಮುಂದುವರಿಯುತ್ತದೆ, ಬೇರೆಯವರದಾದರೆ ನಿಲ್ಲುತ್ತದೆ. ಹಾಡಿನ ಕಂಪನಿಗಳಿಗೆ ಇದು ಬಹಳ ಹಿಡಿಸಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ರಯೋಗಾಲಯ ಎದ್ದಿತು. ಮೇಡಂ ಅದರ ಮುಖ್ಯಸ್ಥೆಯಾದರು, ನನ್ನನ್ನೂ ಕರೆದುಕೊಂಡರು.

ಅದಕ್ಕೆ ಎದುರಾಳಿ ಅಲೆಮಾರಿ. ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆ, ತಂತಿಯ ಇಯರ್‌ಫೋನು. ಅದನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಹದಿನೈದು ದಿನಕ್ಕೊಮ್ಮೆ ಆ ಕಂಪನಿಯ ಅಂಗಡಿಯ ಮುಂದೆ ಹಾದುಹೋಗಬೇಕು. ಇಲ್ಲದಿದ್ದರೆ ಒಳಗಿನ ಹಾಡುಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಒಂದರ ಹಾಡು ಇನ್ನೊಂದಕ್ಕೆ ಹೋಗುವುದಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ಶಾಲೆಯ ಬೆಂಚಿನಲ್ಲಿ ಜನ ಎರಡು ಪಕ್ಷವಾದರು.

ನಮ್ಮ ಮನೆಯಲ್ಲೂ ಹಾಗೆಯೇ. ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿರುವ ನನ್ನ ಗಂಡ ಯೋಗೀಶ ಅಲೆಮಾರಿಯ ಪಕ್ಷ. ಬೆಳಗಿನ ತಿಂಡಿಗೆ ಕೂತರೆ ಶುರು.

“ನಿಮ್ಮ ಕಿನ್ನರ ಜಿಪುಣ ಕಣೇ. ಒಬ್ಬರ ಕಿವಿ ಬಿಟ್ಟು ಇನ್ನೊಬ್ಬರಿಗೆ ಒಂದು ಸಾಲು ಹಾಡಲ್ಲ.”

“ನಿಮ್ಮ ಅಲೆಮಾರಿ? ಹದಿನೈದು ದಿನಕ್ಕೊಂದ್ಸಲ ಅಂಗಡಿ ಮುಂದೆ ನಿಂತು ಹಾಜರಿ ಹಾಕ್ಬೇಕು.”

“ಹಾಕ್ತೀನಿ ಬಿಡು. ಡಿಪೋದಲ್ಲಿ ದಿನಾ ಹಾಕಿ ಅಭ್ಯಾಸ ಆಗಿದೆ.”

ನನ್ನ ಅತ್ತೆ ಪುಟ್ಟಗೌರಮ್ಮ ಒಲೆಯ ಮುಂದಿನಿಂದಲೇ ಇಬ್ಬರನ್ನೂ ಮುಗಿಸುತ್ತಿದ್ದರು. “ಒಂದಕ್ಕೆ ಕಾವಲು, ಒಂದಕ್ಕೆ ಹಾಜರಿ. ನೀವು ಪದ ಕೇಳ್ತಿದೀರೋ ಇಲ್ಲಾ ಜೈಲಲ್ಲಿ ಕೂತಿದೀರೋ?”

ಸುರಗಿ ಅಮ್ಮನ ಪಕ್ಷ. ಅವಳ ಕಿನ್ನರ ಅಂಗಡಿಯಿಂದ ಬಂದದ್ದಲ್ಲ. ಪ್ರಯೋಗಾಲಯದಲ್ಲಿ ಮೊಟ್ಟಮೊದಲು ತಯಾರಾದ ಆರು ಜೋಡಿಗಳಲ್ಲಿ ನಾಲ್ಕನೆಯದು. ಅವಳ ಎಂಟನೇ ಹುಟ್ಟುಹಬ್ಬದ ದಿನ ಉತ್ಪಲಾ ಮೇಡಂ ಮನೆಗೆ ಬಂದು, ಕೈಯಾರೆ ಅವಳ ಕಿವಿಗಿಟ್ಟು, ಬೀಗ ಹೊಂದಿಸಿ ಕೊಟ್ಟಿದ್ದರು. ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಸುರಗಿ ಅಜ್ಜಿಯ ಹಿಂದೆ ಹಿಂದೆ ತಿರುಗಿ ಅದರಲ್ಲಿ ಹತ್ತೊಂಬತ್ತು ಪದ ಮುದ್ರಿಸಿಕೊಂಡಳು. ರಾಗಿ ಬೀಸುವ ಪದ, ತೊಟ್ಟಿಲ ಪದ, ನಾಗಮಂಗಲದ ಕಡೆ ಹೆಣ್ಣುಮಕ್ಕಳು ಬೀಗರನ್ನು ಹಂಗಿಸುವ ಪದ. ಡಿಸೆಂಬರಿನ ಶಾಲಾ ವಾರ್ಷಿಕೋತ್ಸವದಲ್ಲಿ ಅದರಲ್ಲೊಂದು ಹಾಡುವುದೆಂದು ನಿರ್ಧಾರವಾಗಿತ್ತು. ತಾವು ಹೇಗೆ ಹಾಡಿದ್ದೇವೆಂದು ಕೇಳುವ ಆಸೆಯಿಂದ ಅತ್ತೆ ಒಮ್ಮೆ ಆ ಬೀಜವನ್ನು ತಮ್ಮ ಕಿವಿಗೆ ಇಟ್ಟುಕೊಂಡರು. ಒಂದು ಸಾಲೂ ಹಾಡಲಿಲ್ಲ.

“ನನ್ನ ಪದ ನಂಗೇ ಕೇಳಿಸಲ್ವಂತೆ! ಏನೇ ವಸುಧಾ, ಎಂಥಾ ಗಾಂಚಾಲಿಯದನ್ನ ಮಾಡಿದ್ಯೇ?” ಎಂದು ನಕ್ಕರು. ನಾನೂ ನಕ್ಕೆ.

*

ಪ್ರಯೋಗಾಲಯದಲ್ಲಿ ನನ್ನ ಕೆಲಸ ಮೂರು. ‘ಟಿಕ್’ ಎಷ್ಟು ಜೋರಾಗಿರಬಹುದು ಎಂಬ ಮಿತಿ ಇಟ್ಟವಳು ನಾನು. ಒಣಗಿದ ಎಲೆ ನೆಲಕ್ಕೆ ಬಿದ್ದಷ್ಟು, ಅದಕ್ಕಿಂತ ಹೆಚ್ಚಿಲ್ಲ. ಮಕ್ಕಳ ಕಿವಿ ಬೆಳೆಯುತ್ತದೆ, ಹಾಗಾಗಿ ಕಿನ್ನರ ಇಂದಿನ ಉತ್ತರವನ್ನು ನಿನ್ನೆಯದರ ಜೊತೆ ಹೋಲಿಸಿ, ದಿನವೂ ಬರೆದಿಟ್ಟುಕೊಂಡು, ಬದಲಾವಣೆಯ ಹಿಂದೆಯೇ ಹೋಗಬೇಕು ಎಂದು ಸೂಚಿಸಿದವಳೂ ನಾನು. ಮೂರನೆಯದು ಎಣ್ಣೆಯ ವಿಷಯ.

ಮೊದಲ ವರ್ಷ ನಾವು ಊರಿನ ಜನರನ್ನು ಕರೆದು ಪರೀಕ್ಷೆ ನಡೆಸುತ್ತಿದ್ದೆವು. ವಾರವಿಡೀ ಸರಿಯಾಗಿ ಹಾಡುತ್ತಿದ್ದ ಕಿನ್ನರ ಶನಿವಾರ, ಭಾನುವಾರ ಮಾತ್ರ ಎಷ್ಟೋ ಜನರ ಕಿವಿಯನ್ನು ಗುರುತಿಸುತ್ತಿರಲಿಲ್ಲ. ಜರ್ಮನಿಯಿಂದ ತರಿಸಿದ ಬಿಡಿಭಾಗಗಳನ್ನೆಲ್ಲ ಬಿಚ್ಚಿ ನೋಡಿದೆವು. ಕೊನೆಗೆ ನನಗೆ ಹೊಳೆದದ್ದು ಒಬ್ಬ ಹೆಂಗಸಿನ ಕಿವಿಯೊಳಕ್ಕೆ ಇಣುಕಿದಾಗ. ಎಣ್ಣೆ ಮಿನುಗುತ್ತಿತ್ತು. ನಮ್ಮಲ್ಲಿ ವಾರದ ಎಣ್ಣೆಸ್ನಾನಕ್ಕೆ ತಲೆಗೆ ಹಚ್ಚುವಾಗ ಕಿವಿಗೂ ಎರಡು ತೊಟ್ಟು ಬಿಡುತ್ತಾರಲ್ಲ, ಅದು! ಕಿವಿಗೆ ಎಣ್ಣೆ ಬಿಡಬಾರದೆಂದು ವೈದ್ಯರು ಹೇಳುತ್ತಲೇ ಇರುತ್ತಾರೆ, ಮನೆಯ ಹಿರಿಯರು ಬಿಡುತ್ತಲೇ ಇರುತ್ತಾರೆ. ಎಣ್ಣೆ ಕೂತ ಕಿವಿಯಿಂದ ಉತ್ತರ ಮಂದವಾಗಿ ಬರುತ್ತಿತ್ತು, ಕಿನ್ನರ ಅದನ್ನು ಬೇರೆಯವರ ಕಿವಿ ಎಂದುಕೊಳ್ಳುತ್ತಿತ್ತು.

ಮೇಡಂ ಅವತ್ತು ನನ್ನ ಬೆನ್ನು ತಟ್ಟಿದರು. “ಇದನ್ನ ಜರ್ಮನಿಯವರು ನೂರು ವರ್ಷ ಕೂತ್ರೂ ಕಂಡುಹಿಡೀತಿರ್ಲಿಲ್ಲ ಕಣೇ.” ಕಿನ್ನರ ಹಾಡು ನಿಲ್ಲಿಸಿದಾಗ ಕೇಳುಗರಿಗೆ ಒಂದು ಸೂಚನೆ ಬೇಕಿತ್ತು. ನಾನೇ ಬರೆದೆ: ‘ನಿಮ್ಮ ಕಿವಿಯಲ್ಲಿ ಎಣ್ಣೆ ಇರಬಹುದು. ಒರೆಸಿಕೊಂಡು ಮತ್ತೆ ಪ್ರಯತ್ನಿಸಿ.’ ತಾತ್ಕಾಲಿಕವಾಗಿ ಇರಲೆಂದು ನನ್ನ ದನಿಯಲ್ಲೇ ಮುದ್ರಿಸಿದರು. ಅದೇ ಉಳಿಯಿತು. ಮೊದಲ ಆರು ಜೋಡಿಗಳಲ್ಲೂ, ಮಾರುಕಟ್ಟೆಗೆ ಬಂದ ಒಂದೊಂದು ಕಿನ್ನರದಲ್ಲೂ ನನ್ನ ದನಿ ಕೂತಿತು.

ಅವತ್ತೇ ನಾನು ಇನ್ನೊಂದು ಮಾತು ಕೇಳಿದ್ದೆ. “ಮೇಡಂ, ಕೇಳಿಸೋದೇ ಕಡಿಮೆ ಆಗ್ತಾ ಬಂದ ಕಿವಿ ಕೂಡ ಹೀಗೇ ಮಂದವಾಗಿ ಉತ್ತರ ಕೊಡತ್ತಲ್ಲ. ಅವರಿಗೂ ಎಣ್ಣೆ ಅಂತ ಹೇಳಿಬಿಟ್ರೆ?”

“ಚಾರ್ಜಿಗೆ ಇಟ್ಟಾಗ ಕಿನ್ನರ ಇಲ್ಲಿಗೆ ಲೆಕ್ಕ ಕಳಿಸಿ ಹೊಸ ಸೂಚನೆ ತಗೊಳತ್ತಲ್ಲ, ಆ ಲೆಕ್ಕದಿಂದ ಅವರನ್ನ ಬೇರೆ ಪಟ್ಟಿ ಮಾಡಿಸ್ತೀನಿ. ತಕ್ಷಣ ಅವರಿಗೆ ತಿಳಿಸೋ ವ್ಯವಸ್ಥೆ ಆಗತ್ತೆ. ಯೋಚಿಸು, ಎಷ್ಟು ಮಕ್ಕಳನ್ನ ನಾವು ಮೊದಲೇ ಹಿಡೀಬಹುದು!” ಎಂದಿದ್ದರು ಮೇಡಂ. ಅವರ ಕಣ್ಣಲ್ಲಿ ಹಳೆಯ ಆಸ್ಪತ್ರೆಯ ಡಾಕ್ಟರು ಇದ್ದರು. ನಾನು ನಂಬಿದೆ. ನಂಬದಿರಲು ನನಗೆ ಯಾವ ಕಾರಣವೂ ಇರಲಿಲ್ಲ.

*

ನವೆಂಬರಿನ ಒಂದು ಭಾನುವಾರ ಸುರಗಿ ಅಡುಗೆಮನೆಗೆ ಬಂದು ನಿಂತಳು. ನಾನು ಉದ್ದಿನಬೇಳೆ ತೊಳೆಯುತ್ತಿದ್ದೆ. ಅವಳ ಅಂಗೈಯಲ್ಲಿ ಎರಡು ಬೀಜಗಳು.

“ಅಮ್ಮ, ಎರಡೂ ಹಾಡ್ತಿಲ್ಲ. ಬಲಗಡೇದು ಶುಕ್ರವಾರದಿಂದ, ಎಡಗಡೇದು ಇವತ್ತಿಂದ.”

“ಏನು ಹೇಳತ್ತೆ?”

“ಎಣ್ಣೆ ಅನ್ನತ್ತೆ.”

ನಾನು ಅವಳ ಕಿವಿ ಬಗ್ಗಿಸಿ ನೋಡಿದೆ. ಬಲಗಿವಿಯಲ್ಲಿ ಎಣ್ಣೆ ಇದ್ದೇ ಇತ್ತು. ಹಿತ್ತಲ ಬಾಗಿಲಲ್ಲಿ ಹರಳೆಣ್ಣೆಯ ಬಟ್ಟಲು ಹಿಡಿದು ಅತ್ತೆ ಕೂತಿದ್ದರು. ನನಗೆ ಕೋಪ ಬಂತು. ಸಾಮಾನ್ಯವಾಗಿ ಅತ್ತೆಗೆ ಎದುರಾಡುವವಳಲ್ಲ ನಾನು. ಆದರೆ ಆ ಎಣ್ಣೆಯ ವಿಷಯ ಕಂಡುಹಿಡಿದವಳೇ ನಾನಲ್ಲವೇ? ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಎಷ್ಟು ಸಲ ಹೇಳಿದೀನಿ ಅತ್ತೆ, ಕಿವಿಗೆ ಬಿಡಬೇಡಿ ಅಂತ! ಓದಿಕೊಂಡವಳು ಮನೇಲಿದ್ದೂ ಇದೇ ಗತಿ. ಮಗು ಹಾಡಿನ ಅಭ್ಯಾಸ ಹಾಳಾಯ್ತು. ನಿಮ್ಮ ಪದವೇ ಅದರಲ್ಲಿರೋದು, ಅದನ್ನೂ ಕೇಳದ ಹಾಗೆ ಮಾಡಿದ್ರಿ.”

ಅತ್ತೆ ಏನೋ ಹೇಳಲು ಬಾಯಿ ತೆರೆದರು. ನಾನು ನಲ್ಲಿ ಜೋರಾಗಿ ಬಿಟ್ಟೆ. ಅವರು ಬಟ್ಟಲನ್ನು ಒರೆಸಿ, ಗೋಡೆಯ ನಾಗಂದಿಗೆಯ ಹಲಗೆಯ ಮೇಲೆ ಬೋರಲು ಹಾಕಿ, ಕೋಣೆಗೆ ಹೋದರು. ಅವತ್ತು ಮಧ್ಯಾಹ್ನ ಊಟಕ್ಕೆ ಕರೆದರೆ “ಹಸಿವಿಲ್ಲ ಕಣಮ್ಮಾ” ಎಂದರು. ಕಣಮ್ಮಾ ಎಂಬುದನ್ನು ಅವರು ಹೊರಗಿನವರಿಗೆ ಮಾತ್ರ ಬಳಸುತ್ತಿದ್ದರು.

ಮೂರು ವಾರ ಮನೆಯಲ್ಲಿ ಯಾರೂ ಎಣ್ಣೆಸ್ನಾನ ಮಾಡಲಿಲ್ಲ. ಸುರಗಿಯ ಕಿವಿ ಒಣಗಿ ಶುಭ್ರವಾಗಿತ್ತು. ಕಿನ್ನರ ಮಾತ್ರ ಬಾಯಿ ಬಿಡಲಿಲ್ಲ. ಬಿಟ್ಟಾಗಲೆಲ್ಲ ಎಣ್ಣೆ ಎಂದೇ ಹೇಳಿತು.

ಕೊನೆಗೆ ನಾನು ಅತ್ತೆಯ ಕೋಣೆಗೆ ಹೋದೆ. “ಅತ್ತೆ, ತಪ್ಪು ತಿಳ್ಕೋಬೇಡಿ. ಅವತ್ತು ಬರೀ ಹರಳೆಣ್ಣೇನೇ ಬಿಟ್ಟಿದ್ದಾ, ಬೇರೆ ಏನಾದ್ರೂ ಸೇರಿಸಿದ್ರಾ?”

ಅತ್ತೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ನಾನು ಅವಳ ಕಿವಿಗೆ ಎಣ್ಣೆ ಬಿಡೋದು ನೀನು ಹೇಳಿದ ಮೇಲೆ ನಿಲ್ಸಿ ಮೂರು ವರ್ಷ ಆಯ್ತು.”

“ಮತ್ತೆ ಅವತ್ತು?”

“ಅವತ್ತು ಅವಳೇ ಬಂದು ಕೇಳಿದ್ಲು. ‘ಅಜ್ಜಿ, ಕಿವೀಲಿ ಯಾವಾಗ್ಲೂ ಗುಂಯ್ ಅಂತಿರತ್ತೆ, ಏನಾದ್ರೂ ಮಾಡು’ ಅಂತ. ಯಾವತ್ತಿಂದನೇ ಅಂದೆ. ಬೇಸಿಗೆಯಿಂದ ಅಂದ್ಲು. ನಂಗೆ ಗೊತ್ತಿರೋದು ಎಣ್ಣೆ ಒಂದೇ. ಬಿಟ್ಟೆ.” ಬತ್ತಿಯನ್ನು ತಟ್ಟೆಗೆ ಹಾಕಿದರು. “ಹೇಳೋಣ ಅಂದ್ಕೊಂಡೆ. ನೀನು ನಲ್ಲಿ ಬಿಟ್ಟೆ.”

ನಾನು ಅವರ ಮಂಚದ ತುದಿಯಲ್ಲಿ ಕೂತೆ. ಕಳೆದ ಕೆಲವು ತಿಂಗಳು ಕಣ್ಣ ಮುಂದೆ ಸಾಲಾಗಿ ಬಂದವು. ಕರೆದರೆ ‘ಹಾಂ?’ ಎನ್ನುವುದು. ಕಿವಿಯಲ್ಲಿ ಕಿನ್ನರ ಇದೆಯಲ್ಲ ಅದಕ್ಕೇ ಎಂದು ನಾನು ರೇಗುತ್ತಿದ್ದೆ. ಸಂಗೀತದ ಮೇಷ್ಟ್ರು ‘ಯಾಕೋ ಶ್ರುತಿ ಬಿಡ್ತಾಳೆ’ ಎಂದದ್ದು. ಕುಕ್ಕರ್ ಕೂಗಿದಾಗ ಅಲ್ಲೇ ಇದ್ದ ಅವಳಿಗೆ ಎಷ್ಟು ಕೂಗಾಯಿತು ಎಂದು ತಿಳಿಯದಿದ್ದದ್ದು. ಹನ್ನೆರಡು ದಿನದ ಕೂಸಿನ ಕಿವಿಯಲ್ಲಿ ತೊಂದರೆ ಇದ್ದರೆ ಹೇಳಬಲ್ಲವಳು ನಾನು. ಹನ್ನೊಂದು ವರ್ಷದ ಮಗಳ ಜೊತೆ ದಿನವೂ ಊಟ ಮಾಡಿಯೂ ನನಗೆ ತಿಳಿದಿರಲಿಲ್ಲ.

*

ಮರುದಿನ ಅವಳನ್ನು ನನ್ನ ಹಳೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸದ್ದು ನುಗ್ಗದ ಆ ಸಣ್ಣ ಕೋಣೆಯ ಬೀಗವನ್ನು ಹಳೆಯ ಸಹೋದ್ಯೋಗಿಯೊಬ್ಬರು ತೆರೆದುಕೊಟ್ಟರು. ಸುರಗಿಗೆ ಹೆಡ್‌ಫೋನು ಹಾಕಿ ಗಾಜಿನ ಆಚೆ ಕೂರಿಸಿದೆ. ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ಅವಳು ಎತ್ತಿದಳು. ಎಲ್ಲಕ್ಕೂ ಎತ್ತಿದಳು. ನನಗೆ ಜೀವ ಬಂದಂತಾಯಿತು. ಆಮೇಲೆ ಗಮನಿಸಿದೆ. ಅವಳು ನೋಡುತ್ತಿದ್ದದ್ದು ನನ್ನ ಭುಜವನ್ನು. ನಾನು ಗುಂಡಿ ಒತ್ತಿದಾಗ ಭುಜ ಸ್ವಲ್ಪ ಅಲುಗುತ್ತಿತ್ತು. ಅಮ್ಮನಿಗೆ ಬೇಸರವಾಗದಿರಲೆಂದು ಅವಳು ಅದನ್ನು ನೋಡಿ ಬೆರಳೆತ್ತುತ್ತಿದ್ದಳು.

ನಾನು ಎದ್ದು ಅವಳ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಸಣ್ಣ, ಚೂಪಾದ ಸದ್ದುಗಳು ಒಂದಾದ ಮೇಲೊಂದು ಹೋದವು. ಬೆರಳು ಮಡಿಲಲ್ಲೇ ಇತ್ತು.

ಕೊನೆಗೆ ಕೂಸುಗಳಿಗೆ ಮಾಡುವ ಪರೀಕ್ಷೆಯನ್ನೇ ಮಾಡಿದೆ. ಬಲಗಿವಿ ಏನೂ ಹೇಳಲಿಲ್ಲ. ಎಡಗಿವಿ ತಗ್ಗಿನ ಸದ್ದುಗಳಿಗೆ ಏನೋ ಗೊಣಗಿತು.

“ಬೇಸಿಗೆಯಿಂದ ಗುಂಯ್ ಅಂತಿತ್ತಂತೆ. ನಂಗ್ಯಾಕೆ ಹೇಳ್ಲಿಲ್ಲ ಪುಟ್ಟೀ?” ಎಂದು ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದೆ.

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಕಿನ್ನರ ನಡುನಡುವೆ ನಿಂತುಹೋಗ್ತಿತ್ತು. ಆಗೆಲ್ಲ ನೀನೇ ಹೇಳ್ತಿದ್ಯಲ್ಲಮ್ಮ, ಎಣ್ಣೆ ಇರಬಹುದು ಅಂತ. ನಾನು ದಿನಾ ಒರೆಸ್ತಿದ್ದೆ. ಟವಲ್ ತುದಿ ಸುರುಳಿ ಸುತ್ತಿ ಒರೆಸ್ತಿದ್ದೆ. ಆಮೇಲೆ ಸ್ವಲ್ಪ ಹೊತ್ತು ಹಾಡ್ತಿತ್ತು.” ನಂತರ ಕೇಳಿದಳು: “ಎಣ್ಣೆ ಅಲ್ವಾ?”

*

ನಾಲ್ಕನೇ ಜೋಡಿ ಕಿನ್ನರವನ್ನು ನಾನು ಪ್ರಯೋಗಾಲಯದ ನನ್ನ ಮೇಜಿನ ಮೇಲಿಟ್ಟು, ಅದು ದಿನವೂ ಬರೆದಿಟ್ಟುಕೊಂಡದ್ದನ್ನು ಓದಿಸಿದೆ. ಪರದೆಯ ಮೇಲೆ ಎರಡು ಗೆರೆಗಳು ಬಂದವು. ಒಂದು ಸುರಗಿಯ ಕಿವಿಯ ಉತ್ತರ, ಇನ್ನೊಂದು ಕಿನ್ನರದ ‘ಟಿಕ್’. ಮಾರ್ಚ್ ತನಕ ಎರಡೂ ಸಮವಾಗಿದ್ದವು. ಮಾರ್ಚ್‌ನಲ್ಲಿ ಅವಳಿಗೆ ಜ್ವರ, ನೆಗಡಿ ಬಂದು ಒಂದು ವಾರ ಕಿವಿ ಕಟ್ಟಿಕೊಂಡಿತ್ತು. ಉತ್ತರ ಮಂದವಾಯಿತು. ಸಮಾಧಾನದಿಂದ ಕಾಯಬೇಕಿದ್ದ ಕಿನ್ನರ ಜೋರಾಗಿ ತಟ್ಟಿತ್ತು. ಉತ್ತರ ಬರಲಿಲ್ಲವೆಂದು ಇನ್ನೂ ಜೋರಾಗಿ ತಟ್ಟಿತ್ತು. ನಾಲ್ಕು ಸೆಕೆಂಡಿಗೊಮ್ಮೆ, ತಬಲದ ಪೆಟ್ಟಿನ ಕೆಳಗೆ, ತಾಳದ ಸದ್ದಿನ ಕೆಳಗೆ, ಕೇಳುವವರಿಗೆ ತಿಳಿಯದಂತೆ. ಆ ಪೆಟ್ಟಿಗೆ ರೋಮಕೋಶಗಳು ಉದುರುತ್ತಾ ಹೋದವು. ಉದುರಿದಷ್ಟೂ ಉತ್ತರ ಮಂದವಾಯಿತು. ಮಂದವಾದಷ್ಟೂ ಪೆಟ್ಟು ಜೋರಾಯಿತು. ಒಂದು ಗೆರೆ ಇಳಿದು, ಇನ್ನೊಂದು ಏರಿ, ಕತ್ತರಿಯ ಬಾಯಂತೆ ತೆರೆದುಕೊಂಡಿದ್ದವು. ತಟ್ಟಿ ತಟ್ಟಿಯೂ ಉತ್ತರ ಬಾರದ ದಿನ, ಇದು ನನ್ನ ಯಜಮಾನಿಯ ಕಿವಿಯೇ ಅಲ್ಲ ಎಂದು ತೀರ್ಮಾನಿಸಿ ಬೀಗ ಹಾಕಿಕೊಂಡಿತ್ತು.

ಎಲೆ ಬಿದ್ದಷ್ಟು ಎಂದು ನಾನು ಇಟ್ಟಿದ್ದ ಮಿತಿ ಅಲ್ಲಿರಲಿಲ್ಲ. ಅದನ್ನು ಒಂದು ವರ್ಷದ ಹಿಂದೆ ತೆಗೆಯಲಾಗಿತ್ತು. ತೆಗೆದವರ ಹೆಸರೂ ಅಲ್ಲೇ ಇತ್ತು.

ಮೇಡಂ ತಮ್ಮ ಕೋಣೆಯಲ್ಲಿ ಹಣ್ಣು ಹೆಚ್ಚಿಕೊಂಡು ತಿನ್ನುತ್ತಿದ್ದರು. ನನ್ನನ್ನು ನೋಡಿ ತಟ್ಟೆ ಮುಂದೆ ತಳ್ಳಿದರು. “ಬಾ ವಸು, ಸೀಬೆ ಚೆನ್ನಾಗಿದೆ.”

“ಮಿತಿ ಯಾಕೆ ತೆಗೆದ್ರಿ ಮೇಡಂ?”

ಚಾಕು ಕೆಳಗಿಟ್ಟರು. “ಕೂತ್ಕೋ.”

“ಇಲ್ಲೇ ನಿಂತ್ಕೋತೀನಿ.”

“ಜನ ವಾಪಸ್ ತಂದು ಕೊಡ್ತಿದ್ರು. ನೆಗಡಿ ಬಂದ್ರೆ ಹಾಡಲ್ಲ, ಬಸ್ಸಲ್ಲಿ ಕೂತ್ರೆ ಹಾಡಲ್ಲ. ಹೋಗಿ ಅಲೆಮಾರಿ ತಗೋತಿದ್ರು. ನಿನ್ನ ಯಜಮಾನ್ರೇ ಎಷ್ಟು ನಗ್ತಿದ್ರು ಹೇಳು? ಸ್ವಲ್ಪ ಜೋರಾಗಿ ತಟ್ಟಿದ್ರೆ ಬಾಗಿಲು ತೆಗೀತಿತ್ತು. ಬಹಳ ಜನಕ್ಕೆ ಏನೂ ಆಗ್ಲಿಲ್ಲ ವಸು.”

“ಆದವರ ಪಟ್ಟಿ ಇದೆಯಲ್ಲ. ತಕ್ಷಣ ತಿಳಿಸ್ತೀವಿ ಅಂದಿದ್ರಿ.”

“ಅದೇ ನಮ್ಮ ವಕೀಲರು ಹಿಡಿದು ನಿಲ್ಸಿದ್ದು. ‘ನಿಮ್ಮ ಕಿವಿ ಹಾಳಾಗ್ತಿದೆ’ ಅಂತ ಕಿನ್ನರ ಒಂದು ಸಲ ಹೇಳ್ತೋ, ಅವತ್ತಿಂದ ಅದು ಹಾಡಿನ ಪೆಟ್ಟಿಗೆ ಅಲ್ಲ, ವೈದ್ಯಕೀಯ ಉಪಕರಣ. ಅದಕ್ಕೆ ಬೇರೆ ಪರವಾನಗಿ, ವರ್ಷಗಟ್ಟಲೆ ತಪಾಸಣೆ. ಅಷ್ಟರಲ್ಲಿ ಅಲೆಮಾರಿ ಊರೆಲ್ಲ ತುಂಬ್ಕೊಂಡಿರತ್ತೆ. ಸ್ವಲ್ಪ ದಿನ ಅಷ್ಟೇ, ಆಮೇಲೆ ಸರಿ ಮಾಡೋಣ ಅಂತ...”

“ಅಲ್ಲೀವರೆಗೆ ಎಣ್ಣೆ ಅಂತ ಹೇಳೋದು. ನನ್ನ ದನೀಲಿ.”

ಅವರು ಸೀಬೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಆ ಪಟ್ಟಿ ವಾರ ವಾರ ನಿಮ್ಮ ಹತ್ರ ಮಾತ್ರ ಬರತ್ತೆ. ಸುರಗಿ ಅದರಲ್ಲಿದಾಳೆ ಅಂತ ಗೊತ್ತಿತ್ತಾ?”

“ಹೆಸರಿರಲ್ಲ ವಸು. ಬರೀ ನಂಬರ್ ಇರತ್ತೆ.”

“ನಾಲ್ಕು, ಮೇಡಂ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಗಾಜು ಶುಭ್ರವಾಗಿಯೇ ಇತ್ತು. ಒರೆಸುತ್ತಲೇ ಇದ್ದರು. ಈ ಕೈಯೇ ಅವಳ ಕಿವಿಗೆ ಆ ಬೀಜ ಇಟ್ಟದ್ದು. ಈ ಬಾಯೇ ಅದೇ ಕಿವಿಯಲ್ಲಿ ‘ಸುರಗಿ, ಸುರಗಿ, ಸುರಗಿ’ ಎಂದದ್ದು. ಏಪ್ರಿಲಿನಲ್ಲಿ ತಿಳಿದಿದ್ದರೆ ಒಂದು ಕಿವಿಯಾದರೂ ಪೂರ್ತಿ ಉಳಿಯುತ್ತಿತ್ತು. ಇವರಿಗೆ ಏಪ್ರಿಲಿನಲ್ಲೇ ಗೊತ್ತಿತ್ತು. ಜೂನ್‌ನಲ್ಲಿ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದು, ಸುರಗಿಯ ಕೆನ್ನೆ ಹಿಂಡಿ ಹೋಗಿದ್ದರು.

“ಯಾವ ಬಾಯಲ್ಲಿ ಹೇಳ್ಲಿ ಅಂತ ಸುಮ್ಮನಾದೆ,” ಎಂದರು ಕೊನೆಗೆ. ಆಮೇಲೆ ಮೇಲಧಿಕಾರಿಯ ದನಿ ಮರಳಿತು. “ನೀನು ಹೊರಗೆ ಹೇಳಿದ್ರೆ ಏನೂ ಬದಲಾಗಲ್ಲ. ಅಲೆಮಾರಿಯವರು ಈ ಕಿವಿ ಬೀಗವನ್ನ ನಮ್ಮಿಂದ ಕೊಂಡ್ಕೊಂಡಿದಾರೆ. ಬರೋ ವರ್ಷದ ಅವರ ಮಾದರೀಲೂ ಇದೇ ಇರತ್ತೆ. ಜನಕ್ಕೆ ಬೇರೆ ಯಾವುದಿದೆ ತಗೊಳಕ್ಕೆ?”

ನಾನು ಪಟ್ಟಿ ಕೇಳಿದೆ. ಅವರು ಕೊಡಲಿಲ್ಲ. ಆದರೆ ದೂರುಗಳ ಪುಸ್ತಕ ನನ್ನ ವಿಭಾಗದಲ್ಲೇ ಇತ್ತು. ಎಣ್ಣೆ ಒರೆಸಿದರೂ ಹಾಡುತ್ತಿಲ್ಲ ಎಂದು ಮತ್ತೆ ಮತ್ತೆ ದೂರಿದವರ ಹೆಸರು, ಫೋನ್ ನಂಬರು ಅದರಲ್ಲಿದ್ದವು. ಕಂಪನಿಯ ಯಂತ್ರಗಳು ನಕಲು ತೆಗೆಯಲು ಬಿಡುವುದಿಲ್ಲ. ಎರಡು ದಿನ ಊಟದ ಬಿಡುವಿನಲ್ಲಿ ಕೂತು ಸುರಗಿಯ ರಫ್ ನೋಟ್ಸಿನಲ್ಲಿ ಕೈಯಲ್ಲೇ ಬರೆದುಕೊಂಡೆ. ಮುನ್ನೂರ ಹನ್ನೆರಡು ಮನೆಗಳು. ಮೂರನೇ ದಿನ ಕೆಲಸ ಬಿಟ್ಟೆ.

*

ಆ ಶನಿವಾರ ಬೆಳಿಗ್ಗೆ ತಿಂಡಿಯ ಪಾತ್ರೆ ತೊಳೆದಿಟ್ಟು ಮೊದಲ ಕರೆ ಮಾಡಿದೆ. ಕುವೆಂಪುನಗರದ ಒಬ್ಬ ಹೆಂಗಸು. ಮಗನಿಗೆ ಒಂಬತ್ತು ವರ್ಷ.

“ಮೊದಲು ಮಗನ ಕಿವಿಯಿಂದ ಕಿನ್ನರ ತೆಗೀರಿ. ಆಮೇಲೆ ಮಾತಾಡೋಣ,” ಎಂದೆ.

“ಯಾರ್ರೀ ನೀವು? ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ.”

“ಅದರೊಳಗೆ ಎಣ್ಣೆ ಅಂತ ಹೇಳೋಳು ನಾನೇ. ಅದು ಎಣ್ಣೆ ಅಲ್ಲ ಕಣ್ರೀ.”

ಏನು, ಹೇಗೆ ಎಂದು ವಿವರಿಸಿದೆ. ಸೋಮವಾರವೇ ಕಿವಿ ಪರೀಕ್ಷೆ ಮಾಡಿಸಿ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ, ಒಂದು ದಿನವೂ ತಡ ಬೇಡ ಎಂದೆ. ಬೈಯುತ್ತಾರೆಂದು ಕಾದೆ.

“ನಮ್ಮತ್ತೇನ ಅವರ ಮಗಳ ಮನೆಗೆ ಕಳಿಸಿಬಿಟ್ಟೆನಲ್ರೀ,” ಎಂದರು ಆಕೆ. “ಹೇಳಿದ್ರೂ ಕೇಳ್ದೆ ಎಣ್ಣೆ ಬಿಡ್ತಾರೆ ಅಂತ ದೊಡ್ಡ ಜಗಳ ಮಾಡಿ ಕಳಿಸಿಬಿಟ್ಟೆ.”

ಮುನ್ನೂರ ಹನ್ನೆರಡು ಮನೆಗಳಲ್ಲಿ ಎಷ್ಟು ಬಟ್ಟಲುಗಳು ಬೋರಲಾಗಿದ್ದವೋ.

ಯೋಗೀಶ ಅಲೆಮಾರಿಯನ್ನು ಡ್ರಾಯರಿಗೆ ಹಾಕಿದ್ದರು. ಹಾಜರಿ ತಪ್ಪಿ ಅದರ ಹಾಡುಗಳು ಒಂದೊಂದಾಗಿ ಹೋಗುತ್ತಿದ್ದವು. ಅವರು ಒಂದು ಕುರ್ಚಿ ತಂದು ನನ್ನ ಪಕ್ಕ ಹಾಕಿ, ನೋಟ್ಸಿನ ಇನ್ನೊಂದು ಹಾಳೆ ಹಿಡಿದು ತಾವೂ ಫೋನು ಮಾಡತೊಡಗಿದರು. ಅತ್ತೆ ನನ್ನ ಪಾಲಿನ ಅಡುಗೆಗೆ ನಿಂತರು. ನಾನು ಕ್ಷಮೆ ಕೇಳಿದ್ದೆ. “ಕೇಳಿದ್ಯಲ್ಲ, ಆಯ್ತು ಬಿಡು,” ಎಂದಿದ್ದರು. ಕಣಮ್ಮಾ ಎನ್ನುವುದು ನಿಂತಿತ್ತು. ಆದರೆ ಎಣ್ಣೆಯ ಬಟ್ಟಲು ನಾಗಂದಿಗೆಯಿಂದ ಇಳಿದಿರಲಿಲ್ಲ. ವಾರ್ಷಿಕೋತ್ಸವದಲ್ಲಿ ಸುರಗಿ ಹಾಡಲಿಲ್ಲ. ಆ ಹತ್ತೊಂಬತ್ತು ಪದಗಳೂ ಬೀಜದೊಳಗೇ ಉಳಿದವು. ಅವನ್ನು ತೆರೆಯಬಲ್ಲ ಕಿವಿ ಈಗ ಲೋಕದಲ್ಲಿಲ್ಲ.

ಜನವರಿಯಲ್ಲಿ ಅವಳ ಶ್ರವಣಸಾಧನ ಬಂತು. ನಾನೇ ಅಳತೆ ತೆಗೆದು, ನಾನೇ ಹೊಂದಿಸಿದ್ದು. ಭಾನುವಾರ ಬೆಳಗಿನ ಬಿಸಿಲಿನಲ್ಲಿ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕಿವಿಗೆ ಇಡಲು ಕೈ ಚಾಚಿದೆ. ಅವಳು ತಲೆ ಹಿಂದೆಗೆದಳು. ಕಿವಿಯ ಮೇಲೆ ಅಂಗೈ ಮುಚ್ಚಿಕೊಂಡಳು.

“ಇದು ತಟ್ಟತ್ತಾ?”

ನನ್ನ ಬಾಯಿ ಕಾಣುವಂತೆ ಮುಖ ಬಗ್ಗಿಸಿ ಹೇಳಿದೆ, “ಇಲ್ಲ ಪುಟ್ಟೀ. ಇದು ತಟ್ಟಲ್ಲ.”

“ನನ್ನ ಕಿವಿ ಹೆಂಗಿದೆ ಅಂತ ಬರ್ಕೊಳತ್ತಾ?”

ಸುಳ್ಳು ಹೇಳಬಹುದಿತ್ತು. “ಬರ್ಕೊಳತ್ತೆ. ಅದು ಬೇಕು. ಕಡಿಮೆ ಆದ್ರೆ ಗೊತ್ತಾಗ್ಬೇಕಲ್ಲ.”

“ಯಾರಿಗೆ ಹೇಳತ್ತೆ?”

“ನಂಗೆ. ನಂಗೊಬ್ಬಳಿಗೇ. ಬೇರೆ ಯಾರಿಗೂ ಇಲ್ಲ, ದೇವರಾಣೆ.”

ಸುರಗಿ ನನ್ನನ್ನು ನೋಡಿದಳು. ಕೋಪವೇನೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರನ್ನು ನೋಡುವ ಹಾಗೆ, ಸ್ವಲ್ಪ ಹೊತ್ತು, ಅಳೆದು ನೋಡಿದಳು. ಅಂಗೈ ಕಿವಿಯ ಮೇಲೇ ಇತ್ತು.

“ನಿಂಗೆ ಬೇಡಮ್ಮ,” ಎಂದಳು. “ಮೊದಲು ನಂಗೆ ಹೇಳ್ಬೇಕು. ನಿಂಗೆ ಹೇಳೋದೋ ಬೇಡ್ವೋ ನಾನು ನೋಡ್ತೀನಿ.”

ನಾನು ಎದ್ದು ಒಳಗೆ ಹೋದೆ. ಸಣ್ಣ ಸ್ಕ್ರೂಡ್ರೈವರ್ ತಂದು, ಅವಳ ಕಣ್ಣೆದುರೇ ಸಾಧನದ ಬೆನ್ನು ಬಿಚ್ಚಿ, ಅವಳು ಹೇಳಿದಂತೆ ಬದಲಾಯಿಸಿದೆ. ಪ್ರತಿ ತಂತಿಗೂ ಅವಳು ‘ಇದು ಏನು?’ ಎಂದು ಕೇಳಿದಳು. ಪ್ರತಿಯೊಂದನ್ನೂ ತೋರಿಸಿದೆ. ಮುಗಿಸಿ, ಅದನ್ನು ಅವಳ ಅಂಗೈಯಲ್ಲಿಟ್ಟು ಕೈಕಟ್ಟಿ ಕೂತೆ.

ಅದನ್ನು ಕಿವಿಗೆ ಅವಳೇ ಇಟ್ಟುಕೊಂಡಳು.